ಕಾಂಬೋಡಿಯಾ, ವಿಯೆಟ್ನಾಂ: 12 ದಿನ, ಬಸ್ಸು ದೋಣಿಯಲ್ಲಿ, ಅಮ್ಮನ ಜೊತೆ. ಈ ಪ್ಲ್ಯಾನ್ ನಡೆಯುತ್ತಾ?

ಡೊಂಬಿವಲಿ ಪೂರ್ವ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ 12 ದಿನ ರಜೆ ಸಿಕ್ಕಿದೆ. ನಾನು, ಹೆಂಡತಿ, ಅಮ್ಮ, ಮೂವರು ಹೊರಡುವವರು. ಅಮ್ಮನಿಗೆ 67. ಅಪ್ಪ ಇದ್ದಾಗ ಇಬ್ಬರೂ ಅಂಕೋರ್ ವಾಟ್ ನೋಡಬೇಕು ಅಂತ ಬಹಳ ವರ್ಷ ಮಾತಾಡಿಕೊಂಡಿದ್ದರು. ಆಗಲಿಲ್ಲ. ಈ ಸಲ ಅಮ್ಮನನ್ನು ಕರೆದುಕೊಂಡು ಹೋಗಲೇಬೇಕು ಅಂತ ನಿರ್ಧಾರ ಮಾಡಿದ್ದೇನೆ.

ಸದ್ಯದ ಪ್ಲ್ಯಾನ್ ಇದು. ಮುಂಬೈಯಿಂದ ಹನೋಯ್ ವಿಮಾನ. ಹಾಲಾಂಗ್ ಕೊಲ್ಲಿ. ರೈಲಿನಲ್ಲಿ ದಾ ನಾಂಗ್, ಹೊಯ್ ಆನ್. ಮತ್ತೆ ರೈಲು ಹಿಡಿದು ಸೈಗಾನ್. ಬಸ್ಸಿನಲ್ಲಿ ಕಾಂಬೋಡಿಯಾದ ಫ್ನೊಮ್ ಪೆನ್, ಅಲ್ಲಿಂದ ಅಂಕೋರ್ ಇರುವ ಊರು ಸಿಯೆಮ್ ರೀಪ್. ಕೊನೆಗೆ ರಸ್ತೆಯಲ್ಲೇ ಬ್ಯಾಂಕಾಕ್, ಅಲ್ಲಿಂದ ಮುಂಬೈ. ಮ್ಯಾಪ್‌ನಲ್ಲಿ ನೋಡಿದರೆ ಎಲ್ಲ ಒಂದೇ ದಾರಿಯಲ್ಲಿ ಸಾಲಾಗಿ ಸಿಗುತ್ತವೆ. ನೆಲದ ಮೇಲೆ ಗಡಿ ದಾಟಬೇಕು ಅನ್ನುವುದು ನನ್ನ ಆಸೆ. ಇದುವರೆಗೆ ಬೇರೆ ದೇಶಕ್ಕೆ ಹೋಗಿದ್ದೆಲ್ಲ ವಿಮಾನದಲ್ಲೇ. ಹೋಗಿ ಬಂದವರು ಹೇಳಿ, ಎಲ್ಲಿ ಎಡವುತ್ತಿದ್ದೇನೆ?

ಮಾಟುಂಗಾ ಮನೆ:

ಮೊದಲು ಆ ಬ್ಯಾಂಕಾಕ್ ದಾರಿ ಅಳಿಸಿ. ಸಿಯೆಮ್ ರೀಪ್‌ನಿಂದ ಪೊಯಿಪೆಟ್ ಮೂಲಕ ಬ್ಯಾಂಕಾಕ್ ಬಸ್ಸು ಅನ್ನುವುದೆಲ್ಲ ಹಳೇ ವಿಡಿಯೋಗಳ ಮಾತು. ಥಾಯ್ಲೆಂಡ್, ಕಾಂಬೋಡಿಯಾ ಎರಡು ದೇಶಗಳ ಜಗಳದಲ್ಲಿ 2025ರ ಜೂನ್‌ನಿಂದ ಆ ಗಡಿಯ ನೆಲದಾರಿ ಮುಚ್ಚಿತು. ಜುಲೈಯಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ದೊಡ್ಡ ಕಾಳಗವೇ ಆಯಿತು. ನಾಳೆ ತೆರೆದರೂ ಅಮ್ಮನನ್ನು ಕರೆದುಕೊಂಡು ಆ ಕಡೆ ಹೋಗಬೇಡಿ ಮಾರಾಯ್ರೇ. ವಿಯೆಟ್ನಾಂ ಕಡೆಯ ಗಡಿಗೂ ಈ ಜಗಳಕ್ಕೂ ಸಂಬಂಧ ಇಲ್ಲ. ಅಲ್ಲಿ ದಾಟಿ, ನಿಮ್ಮ ಆಸೆಯೂ ತೀರುತ್ತದೆ.

ಪಿಂಪ್ರಿ ಪಯಣ:

ನಾನು ಮತ್ತು ನಮ್ಮ ಮನೆಯವರು ಈ ದಾರಿಯಲ್ಲಿ ಎರಡು ಸಲ ಹೋಗಿ ಬಂದಿದ್ದೇವೆ. ಮೊದಲ ಸಲ ನಿಮ್ಮ ಹಾಗೇ ಆಸೆ ಜಾಸ್ತಿ ಇತ್ತು. 11 ದಿನದಲ್ಲಿ ಏಳು ಊರು. ಮನೆಗೆ ಬಂದು ಫೋಟೋ ನೋಡಿದರೆ ಅರ್ಧಕ್ಕರ್ಧ ಬಸ್ಸಿನ ಕಿಟಕಿಯಿಂದ ತೆಗೆದವು. ಅಂಕೋರ್‌ನಲ್ಲಿ ನಾವು ಇದ್ದಿದ್ದು ಒಂದೇ ದಿನ. ಅದು ನನಗೆ ಇವತ್ತಿಗೂ ಬೇಜಾರು. ಅದಕ್ಕೇ ಎರಡನೇ ಸಲ ಹೋದೆವು.

ನಿಮ್ಮ ಪ್ಲ್ಯಾನ್ ಲೆಕ್ಕ ಹಾಕೋಣ. ಹೋಗುವ ದಿನ, ಬರುವ ದಿನ ಬಿಡಿ. ಉಳಿಯಿತು 10. ಹಾಲಾಂಗ್, ದಾ ನಾಂಗ್, ಸೈಗಾನ್, ಫ್ನೊಮ್ ಪೆನ್, ಸಿಯೆಮ್ ರೀಪ್, ಬ್ಯಾಂಕಾಕ್ ಅಂತ ಆರು ಸಲ ಊರು ಬದಲಿಸುತ್ತಿದ್ದೀರಿ. ಪ್ರತಿ ಸಲ ಪ್ಯಾಕ್ ಮಾಡಬೇಕು, ರೂಮ್ ಬಿಡಬೇಕು, ಕಾಯಬೇಕು, ಹೊಸ ರೂಮ್ ಹುಡುಕಬೇಕು. ಒಂದೊಂದಕ್ಕೂ ಒಂದು ಪೂರ್ತಿ ದಿನ ಹೋಗುತ್ತದೆ. ಕೈಯಲ್ಲಿ ಉಳಿಯುವುದು ನಾಲ್ಕು ದಿನ. ಅಮ್ಮ ಇಷ್ಟು ವರ್ಷ ಕಾದ ಜಾಗಕ್ಕೆ ಅದರಲ್ಲಿ ಒಂದು ದಿನ ಸಿಕ್ಕರೆ ಹೆಚ್ಚು.

ಕಿಲೋಮೀಟರ್ ನೋಡಿ ಮೋಸ ಹೋಗಬೇಡಿ. ಫ್ನೊಮ್ ಪೆನ್‌ನಿಂದ ಸೈಗಾನ್‌ಗೆ ಸುಮಾರು 230 ಕಿಲೋಮೀಟರ್. ನಮ್ಮ ಪುಣೆ–ಕೊಲ್ಹಾಪುರದಷ್ಟೇ. ಆದರೆ ಬಸ್ಸಿಗೆ ಆರೇಳು ಗಂಟೆ ಬೇಕು, ಮಧ್ಯೆ ಗಡಿ ಇದೆಯಲ್ಲ. ಬಾವೆಟ್‌ನಲ್ಲಿ ಬಸ್ಸಿನ ಹುಡುಗ ಎಲ್ಲರ ಪಾಸ್‌ಪೋರ್ಟ್ ಒಟ್ಟು ಮಾಡಿಕೊಂಡು ಹೋಗುತ್ತಾನೆ. ಕಾಂಬೋಡಿಯಾ ಬಿಟ್ಟ ಸೀಲ್ ಬೀಳುತ್ತದೆ. ಸ್ವಲ್ಪ ಮುಂದೆ ವಿಯೆಟ್ನಾಂ ಕಡೆಯ ಠಾಣೆ, ಮೊಕ್ ಬಾಯ್. ಅಲ್ಲಿ ಎಲ್ಲರೂ ಇಳಿದು, ಲಗೇಜು ಎಳೆದುಕೊಂಡು ಹೋಗಿ ಸ್ಕ್ಯಾನರ್‌ಗೆ ಹಾಕಬೇಕು. ದೊಡ್ಡ ಹಾಲ್, ಗದ್ದಲ. ಒಬ್ಬರು ಹೆಸರು ಕೂಗುತ್ತಾರೆ, ನಮ್ಮ ಹೆಸರನ್ನು ಅವರ ಬಾಯಲ್ಲಿ ಗುರುತು ಹಿಡಿಯುವುದೇ ಕಷ್ಟ. ನಮ್ಮವರ ಹೆಸರು ಮೂರು ಸಲ ಕರೆದ ಮೇಲೆ ಗೊತ್ತಾಯಿತು. ಬಸ್ಸಿನವರ ಕಣ್ಣಿಗೆ ಕಾಣುವ ಹಾಗೆ ಹತ್ತಿರವೇ ನಿಂತುಕೊಳ್ಳಿ, ಅಷ್ಟು ಸಾಕು. ಭಯಪಡುವಂಥದ್ದು ಏನೂ ಇಲ್ಲ.

ಈಗ ಮುಖ್ಯ ಮಾತು. ದಾರಿಯನ್ನು ಉಲ್ಟಾ ಮಾಡಿ. ಮೊದಲು ಕಾಂಬೋಡಿಯಾ, ಆಮೇಲೆ ವಿಯೆಟ್ನಾಂ. ಮುಂಬೈಯಿಂದ ಬ್ಯಾಂಕಾಕ್‌ನಲ್ಲಿ ವಿಮಾನ ಬದಲಿಸಿ ಸಿಯೆಮ್ ರೀಪ್‌ಗೆ ಹೋಗಿ. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇರಲಿ. ಮೊದಲನೆಯದು ತಡವಾದರೆ ಮುಂದಿನದಕ್ಕೆ ಹತ್ತಿಸುವ ಜವಾಬ್ದಾರಿ ಅವರದ್ದಾಗುತ್ತದೆ. ಅಮ್ಮನಲ್ಲಿ ಶಕ್ತಿ ಇರುವಾಗಲೇ ಅಂಕೋರ್ ನೋಡಿ ಮುಗಿಯುತ್ತದೆ. ಆಮೇಲೆ ನಿಧಾನಕ್ಕೆ ನೆಲದಾರಿಯಲ್ಲಿ ತೆಂಕಣಕ್ಕೆ ಇಳಿದು, ಸೈಗಾನ್‌ನಿಂದ ನೇರ ವಿಮಾನದಲ್ಲಿ ಮುಂಬೈ.

ವೀಸಾಕ್ಕೂ ಇದೇ ಒಳ್ಳೆಯದು. ವಿಯೆಟ್ನಾಂ ಇ–ವೀಸಾ ಒಂದು ಸಲ ಒಳಗೆ ಹೋಗಲು 25 ಡಾಲರ್, ಹಲವು ಸಲ ಹೋಗಿ ಬರಲು 50 ಡಾಲರ್. ಸೈಗಾನ್‌ಗೆ ಹೋಗಿ ಇಳಿದು, ಕಾಂಬೋಡಿಯಾ ನೋಡಿ, ವಿಮಾನ ಹತ್ತಲು ಮತ್ತೆ ಸೈಗಾನ್‌ಗೆ ಬಂದರೆ ಅದು ಎರಡನೇ ಪ್ರವೇಶ. 25 ಡಾಲರ್‌ನ ವೀಸಾ ಅಲ್ಲಿ ನಡೆಯುವುದಿಲ್ಲ. ಎಷ್ಟೋ ಜನಕ್ಕೆ ಇದು ಗಡಿಯಲ್ಲಿ ನಿಂತಾಗಲೇ ಗೊತ್ತಾಗುವುದು.

ಹನೋಯ್, ಹಾಲಾಂಗ್, ಹೊಯ್ ಆನ್ ಮೂರನ್ನೂ ಈ ಸಲ ಬಿಡಿ. ಕಷ್ಟ ಅಂತ ಗೊತ್ತು, ಆದರೂ ಬಿಡಿ.

ಠಾಣೆ ಘೋಡ್‌ಬಂದರ್:

ಪಿಂಪ್ರಿಯವರ ಲೆಕ್ಕ ಸರಿ. ಆದರೆ ವಿಯೆಟ್ನಾಂಗೆ ಹೋಗಿ ಆ ರೈಲು ಹತ್ತದೆ ಬರುವುದು ನನಗೆ ಒಪ್ಪಿಗೆ ಇಲ್ಲ. ಹುಯೆ ಮತ್ತು ದಾ ನಾಂಗ್ ಮಧ್ಯೆ ಹಾಯ್ ವಾನ್ ಘಾಟಿ ಬರುತ್ತದೆ. ಒಂದು ಕಡೆ ಕಾಡು ತುಂಬಿದ ಬೆಟ್ಟ, ಇನ್ನೊಂದು ಕಡೆ ಕೆಳಗೆ ಸಮುದ್ರ. ನಮ್ಮ ಮುಂಬೈ–ಪುಣೆ ರೈಲಿನಲ್ಲಿ ಮಂಕಿ ಹಿಲ್ ದಾಟುವಾಗ ಬಾಗಿಲಲ್ಲಿ ನಿಂತು ನೋಡಿದವರಿಗೆ ಆ ಖುಷಿ ಗೊತ್ತು. ದಾ ನಾಂಗ್‌ನಿಂದ ಮಿ ಸೋನ್ ದೇವಸ್ಥಾನಗಳೂ ಹತ್ತಿರ. ಚಂಪಾ ರಾಜರು ಕಟ್ಟಿಸಿದ ಶಿವನ ಗುಡಿಗಳು. ನಮ್ಮ ಪುರಾತತ್ವ ಇಲಾಖೆಯವರೇ ಅಲ್ಲಿ ದುರಸ್ತಿ ಮಾಡುವಾಗ, 2020ರಲ್ಲಿ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು. ಅಮ್ಮನಿಗೆ ಅದೂ ಇಷ್ಟವಾಗಬಹುದು.

ಪಿಂಪ್ರಿ ಪಯಣ:

ಘಾಟಿ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ಆದರೆ ಹನೋಯ್–ಸೈಗಾನ್ ರೈಲು ದಾರಿ 1,726 ಕಿಲೋಮೀಟರ್. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಿ, ಅರ್ಧ ದಾರಿ ವಾಪಸ್ ಬಂದಷ್ಟು. 30 ಗಂಟೆಗೂ ಮೇಲೆ. ಮಧ್ಯೆ ಇಳಿದು ಹತ್ತಿದರೆ ಎರಡು ರಾತ್ರಿ ಬರ್ತ್ ಮೇಲೆ. ಇನ್ನೊಂದು ವಿಷಯ, ವರ್ಷದ ಕೊನೆಯ ತಿಂಗಳುಗಳಲ್ಲಿ ಮಧ್ಯ ವಿಯೆಟ್ನಾಂನಲ್ಲಿ ಮಳೆ. ಡಿಸೆಂಬರ್‌ನಲ್ಲಿ ಕಾಂಬೋಡಿಯಾ ಮತ್ತು ಸೈಗಾನ್ ಕಡೆ ಒಣ ಹವೆ ಇರುವಾಗ ಹುಯೆಯಲ್ಲಿ ಕೊಡೆ ಹಿಡಿದು ಓಡಾಡಬೇಕಾಗಬಹುದು. ಉತ್ತರ, ಮಧ್ಯ ವಿಯೆಟ್ನಾಂ ಅನ್ನುವುದು ಮಾರ್ಚ್–ಏಪ್ರಿಲ್‌ನ ಬೇರೆ ಪ್ರವಾಸ.

ಠಾಣೆ ಘೋಡ್‌ಬಂದರ್:

ಮಳೆ ವಿಷಯ ಸರಿ, ಅದು ತಲೆಗೆ ಹೊಳೆದಿರಲಿಲ್ಲ. ರೈಲಿನ ಮೇಲಿನ ಪ್ರೀತಿ ಬಿಡಲಾರೆ, ಆದರೆ ಅಮ್ಮನ ಜೊತೆ ಈ ಸಲ ಬೇಡ.

ವಾಸ್ಕೋ ಬಂದರು:

ವೀಸಾ ಬಗ್ಗೆ ನನ್ನ ಅನುಭವ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಾವು ನಾಲ್ವರು ಗೆಳೆಯರು ಹೋಗಿದ್ದೆವು. ಅರ್ಜಿ ತುಂಬಲು ಒಬ್ಬ ಏಜೆಂಟ್‌ಗೆ ಕೊಟ್ಟೆವು. ಮೂವರದ್ದು ಸರಿ ಬಂತು. ನನ್ನ ವೀಸಾದಲ್ಲಿ ಶುರುವಾಗುವ ತಾರೀಖು ಒಂದು ದಿನ ಮುಂದೆ ಬಿದ್ದಿತ್ತು. ನಾನು ಪ್ರಿಂಟ್ ತೆಗೆದು ಮಡಚಿ ಇಟ್ಟುಕೊಂಡಿದ್ದೆ, ಓದಿರಲಿಲ್ಲ. ಬೆಳಿಗ್ಗೆ ಫ್ನೊಮ್ ಪೆನ್‌ನಲ್ಲಿ ಬಸ್ ಹತ್ತುವಾಗ ಬಸ್ಸಿನವರು ನೋಡಿ ತಾರೀಖಿನ ಮೇಲೆ ಬೆರಳಿಟ್ಟರು. ಹತ್ತಿಸಲಿಲ್ಲ. ಗೆಳೆಯರೂ ಇಳಿದುಬಿಟ್ಟರು. ನಾಲ್ಕು ಟಿಕೆಟ್ ದುಡ್ಡು ಹೋಯಿತು, ಸೈಗಾನ್‌ನ ರೂಮ್ ದುಡ್ಡು ಹೋಯಿತು. ನನಗೆ ಆಗಿದ್ದು ಒಂದೇ ದಿನದ ತಪ್ಪು, ಮರುದಿನ ಹೋದೆವು. ಹೆಸರೋ ಪಾಸ್‌ಪೋರ್ಟ್ ನಂಬರೋ ತಪ್ಪಾಗಿದ್ದರೆ ಹೊಸ ಅರ್ಜಿ, ಹೊಸ ಫೀಸು, ಮತ್ತೆ ಕೆಲಸದ ದಿನಗಳನ್ನು ಎಣಿಸುತ್ತ ಕೂರಬೇಕಿತ್ತು.

ಆದ್ದರಿಂದ ನೀವೇ ತುಂಬಿ. ಅಸಲಿ ಸರ್ಕಾರಿ ಸೈಟಿನ ವಿಳಾಸ ವಿಯೆಟ್ನಾಂನದ್ದು ‘ಗವ್ ಡಾಟ್ ವಿಎನ್’ ಅಂತಲೂ ಕಾಂಬೋಡಿಯಾದ್ದು ‘ಗವ್ ಡಾಟ್ ಕೆಎಚ್’ ಅಂತಲೂ ಮುಗಿಯುತ್ತದೆ. ಹುಡುಕಿದಾಗ ಮೇಲೆ ಬರುವ ಜಾಹೀರಾತು ಸೈಟುಗಳು ಅದೇ ವೀಸಾಕ್ಕೆ ಎರಡು ಮೂರು ಪಟ್ಟು ಕೇಳುತ್ತವೆ. ವಿಯೆಟ್ನಾಂ ಅರ್ಜಿಯಲ್ಲಿ ಯಾವ ಗಡಿಯಿಂದ ಒಳಗೆ ಬರುತ್ತೀರಿ ಅಂತ ಆರಿಸಬೇಕು. ಬಸ್ಸಿನಲ್ಲಿ ಬಂದರೆ ಮೊಕ್ ಬಾಯ್. ಮೆಕಾಂಗ್ ನದಿಯಲ್ಲಿ ದೋಣಿಯಲ್ಲಿ ಬಂದರೆ ಪಟ್ಟಿಯಲ್ಲಿ ಸೋಂಗ್ ತಿಯೆನ್ ಅಂತ ಇರುತ್ತದೆ. ಊರಿನ ಹೆಸರು ವಿನ್ ಸುವೊಂಗ್, ಅದನ್ನು ಹುಡುಕುತ್ತ ಕೂರಬೇಡಿ. ಬಸ್ಸೋ ದೋಣಿಯೋ ತೀರ್ಮಾನ ಮಾಡಿದ ಮೇಲೆ ಅರ್ಜಿ. ಆ ವೀಸಾ 90 ದಿನದವರೆಗೆ ಕೊಡುತ್ತಾರೆ, ಆದ್ದರಿಂದ ಶುರುವಿನ ತಾರೀಖನ್ನು ನೀವು ದಾಟುವ ದಿನಕ್ಕಿಂತ ನಾಲ್ಕೈದು ದಿನ ಮೊದಲೇ ಹಾಕಿ.

ಡೊಂಬಿವಲಿ ಪೂರ್ವ:

ಇಷ್ಟು ಸಮಯ ಕೊಟ್ಟು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಹಾಲಾಂಗ್ ಬಿಡಬೇಕಲ್ಲ ಅಂತ ಹೆಂಡತಿಗೆ ಒಂದು ರಾತ್ರಿ ಬೇಜಾರಿತ್ತು. ನಾಲ್ಕೇ ದಿನ ಉಳಿಯುವ ಲೆಕ್ಕ ತೋರಿಸಿದೆ, ಒಪ್ಪಿದಳು.

ಇನ್ನೆರಡು ಪ್ರಶ್ನೆ. ಅಮ್ಮ ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಮಂಡಿ ನೋವೂ ಇದೆ. ಅಂಕೋರ್‌ನಲ್ಲಿ ಎಷ್ಟು ಹತ್ತಬೇಕು?

ಚೆಂಬೂರ್ ಅಕ್ಕ:

ನಾನು ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ, ಅವರಿಗೆ ಆಗ 70. ಹಾಗಾಗಿ ಇದನ್ನು ನಾನೇ ಹೇಳಬೇಕು.

ಅಂಕೋರ್ ವಾಟ್‌ನ ತುತ್ತತುದಿಯ ಬಾಕನ್‌ಗೆ ಹತ್ತುವ ಮೆಟ್ಟಿಲು ಏಣಿಯ ಹಾಗೆ ಕಡಿದು. ಅಮ್ಮನಿಗೆ ಅದು ಬೇಡ. ಬೇಡ ಅಂದರೆ ಏನೂ ಕಳೆದುಕೊಳ್ಳುವುದಿಲ್ಲ. ನಿಜವಾದ ಐಸಿರಿ ಕೆಳಗಿನ ಪ್ರಾಕಾರದ ಗೋಡೆಯಲ್ಲಿದೆ, ಮತ್ತು ಅದು ಸಮತಟ್ಟು ನೆಲ, ಮೇಲೆ ಛಾವಣಿ, ನೆರಳು. ಅಂಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದ ದೇವಸ್ಥಾನ. ಒಳಗೆ ಬಂದು ಬಲಕ್ಕೆ ತಿರುಗಿದರೆ ಕುರುಕ್ಷೇತ್ರ. ಎರಡೂ ಕಡೆಯಿಂದ ಸೈನ್ಯ ಸಾಲುಸಾಲಾಗಿ ನುಗ್ಗಿ ಬಂದು ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಕಡೆ ಮೇಲ್ಭಾಗದಲ್ಲಿ ಭೀಷ್ಮರು ಬಾಣಗಳ ಮೇಲೆ ಮಲಗಿದ್ದಾರೆ. ಅತ್ತೆ ಚಿಕ್ಕಂದಿನಿಂದ ಯಕ್ಷಗಾನ ನೋಡಿ ಬೆಳೆದವರು. ಯಾರೂ ಹೇಳಿಕೊಡದೆ ಅವರೇ ಗುರುತು ಹಿಡಿದರು. ಗೈಡ್ ಇಂಗ್ಲಿಷಿನಲ್ಲಿ ವಿವರಿಸಲು ಶುರು ಮಾಡಿದಾಗ ಅತ್ತೆ ಸುಮ್ನೆ ಕೈ ಎತ್ತಿ ತಡೆದರು. ಆಮೇಲೆ ಅವರು ತುಳುವಿನಲ್ಲಿ ಕಥೆ ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ, ಆ ಗೈಡ್ ಹುಡುಗ ನಿಂತು ಕೇಳಿದ. ಅಲ್ಲಿಂದ ಸುತ್ತಿಕೊಂಡು ಪೂರ್ವದ ಗೋಡೆಗೆ ಬಂದರೆ ಸಮುದ್ರ ಮಥನ, ಸುಮಾರು 49 ಮೀಟರ್ ಉದ್ದ. ವಾಸುಕಿಯ ಮೈ ಗೋಡೆ ತುಂಬ ಹರಿದಿದೆ. ಒಂದು ಸಣ್ಣ ಮಡಚುವ ಸ್ಟೂಲು ಇಲ್ಲಿಂದಲೇ ಒಯ್ಯಿರಿ. ಅತ್ತೆ ಐದು ಹೆಜ್ಜೆಗೊಮ್ಮೆ ಕೂತು ನೋಡಿದರು.

ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದೇ ತೆಗೆದುಕೊಳ್ಳಿ. ಅದನ್ನು ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು, ಹಾಗಾಗಿ ಮಧ್ಯೆ ಒಂದು ದಿನ ಕಾಲಿಗೆ ವಿಶ್ರಾಂತಿ ಕೊಡಬಹುದು. ಬಾಂತೆಯ್ ಸ್ರೇ ತಪ್ಪಿಸಬೇಡಿ. ಸ್ವಲ್ಪ ದೂರ, ಆದರೆ ಚಿಕ್ಕ ಗುಡಿ, ಹತ್ತುವುದು ಕಡಿಮೆ. 967ರದ್ದು, ಗುಲಾಬಿ ಕಲ್ಲು, ಚಂದನದ ಕೆತ್ತನೆಯಷ್ಟು ನಾಜೂಕು. ರಾವಣ ಕೈಲಾಸ ಅಲುಗಾಡಿಸುವ ಶಿಲ್ಪ ಅಲ್ಲಿದೆ. ಎಲ್ಲೋರಾದಲ್ಲಿ ನೋಡಿದವರು ಇದನ್ನೂ ನೋಡಬೇಕು. ಹಾಗೇ ಮಂಡಿ, ಭುಜ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಊಟದ ವಿಷಯ. ವಿಯೆಟ್ನಾಂ ಸುಲಭ. ‘ಚಾಯ್’ ಅಂದರೆ ಸಸ್ಯಾಹಾರ. ಬೋರ್ಡಿನಲ್ಲಿ ‘ಕೊಮ್ ಚಾಯ್’ ಅಂತ ಇದ್ದರೆ ಧೈರ್ಯವಾಗಿ ಒಳಗೆ ಹೋಗಿ. ಅಲ್ಲಿಯ ಬೌದ್ಧರು ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಮಾಂಸ ಬಿಡುತ್ತಾರೆ, ಆ ದಿನಗಳಲ್ಲಿ ಇನ್ನೂ ಜಾಸ್ತಿ ಸಿಗುತ್ತದೆ. ಬೇರೆ ಹೋಟೆಲಲ್ಲಿ ಬರೀ ತರಕಾರಿ ಅಂದರೂ ಮೀನಿನ ಸಾಸ್ ಬಿದ್ದಿರುತ್ತದೆ, ಅದರ ಹೆಸರು ನುವೊಕ್ ಮಾಮ್. ಕಾಂಬೋಡಿಯಾ ಇನ್ನೂ ಕಷ್ಟ. ಹುದುಗಿಸಿದ ಮೀನಿನ ಪೇಸ್ಟು, ಪ್ರಾಹೊಕ್, ಅಡುಗೆಯ ಬುಡದಲ್ಲೇ ಇರುತ್ತದೆ. ಸಿಯೆಮ್ ರೀಪ್, ಫ್ನೊಮ್ ಪೆನ್ ಎರಡರಲ್ಲೂ ಭಾರತೀಯ ಹೋಟೆಲುಗಳಿವೆ. ಬಸ್ಸಿನ ದಿನಗಳಿಗೆ ಮಾತ್ರ ನೀವೇ ಕಟ್ಟಿಕೊಂಡು ಹೋಗಬೇಕು. ನಾವು ಚಟ್ನಿಪುಡಿ, ಹುರಿದ ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸ್, ಒಂದು ಚಿಕ್ಕ ಎಲೆಕ್ಟ್ರಿಕ್ ಕೆಟಲ್ ಒಯ್ದಿದ್ದೆವು. ಹೋಟೆಲಲ್ಲಿ ಬಿಳಿ ಅನ್ನ ಎಲ್ಲ ಕಡೆ ಸಿಗುತ್ತದೆ, ಚಟ್ನಿಪುಡಿ ಎಣ್ಣೆ ಕಲಸಿದರೆ ಅತ್ತೆಗೆ ಅಷ್ಟೇ ಸಾಕಿತ್ತು.

ಮಾಟುಂಗಾ ಮನೆ:

ಅಕ್ಕ ಬರೆದಿದ್ದು ಓದಿ ನಮ್ಮ ಮನೆಯಲ್ಲೂ ಹೊರಡುವ ಮಾತು ಶುರುವಾಯಿತು.

ದುಡ್ಡಿನ ವಿಷಯ ನಾನು ಹೇಳುತ್ತೇನೆ. ಕಾಂಬೋಡಿಯಾದಲ್ಲಿ ಡಾಲರ್ ನೇರ ನಡೆಯುತ್ತದೆ. ಒಂದು ಡಾಲರ್‌ಗೆ ಸುಮಾರು 4,000 ರಿಯೆಲ್, ಚಿಲ್ಲರೆ ರಿಯೆಲ್‌ನಲ್ಲೇ ಕೊಡುತ್ತಾರೆ. ಆದರೆ ನೋಟು ಹೊಸದಿರಬೇಕು. ಅಂಚು ಒಂದು ಕೂದಲೆಳೆ ಹರಿದಿದ್ದರೂ ಅಂಗಡಿಯವರು ವಾಪಸ್ ಕೊಡುತ್ತಾರೆ. ಇಲ್ಲಿ ಡಾಲರ್ ತಗೊಳ್ಳುವಾಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ತಗೊಳ್ಳಿ, ಒಂದು, ಐದು, ಹತ್ತರ ನೋಟು ಜಾಸ್ತಿ ಕೇಳಿ. ಅಲ್ಲಿ ಚಿಲ್ಲರೆಯಾಗಿ ಹರಿದ ಡಾಲರ್ ಬಂದರೆ ನೀವೂ ವಾಪಸ್ ಕೊಡಿ.

ವಿಯೆಟ್ನಾಂನಲ್ಲಿ ಡಾಂಗ್. 20,000ದ ನೋಟು ನೀಲಿ, 5,00,000ದ ನೋಟೂ ನೀಲಿ. ರಾತ್ರಿ ಟ್ಯಾಕ್ಸಿಯೊಳಗೆ ಎರಡೂ ಒಂದೇ ಥರ ಕಾಣುತ್ತವೆ. 5,00,000ದ ನೋಟುಗಳನ್ನು ಪರ್ಸಿನ ಬೇರೆ ಖಾನೆಯಲ್ಲಿಡಿ. ಓಡಾಡಲು ಎರಡೂ ದೇಶದಲ್ಲಿ ಗ್ರ್ಯಾಬ್ ಆ್ಯಪ್ ಇದೆ, ರೇಟ್ ಮೊದಲೇ ಕಾಣುತ್ತದೆ. ಇಲ್ಲಿಯ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡು ಹೋಗಿ, ಬ್ಯಾಂಕಿನ ಓಟಿಪಿ ಅದಕ್ಕೇ ಬರುವುದು.

ತಪ್ಪಿಸಲಾಗದ ಖರ್ಚು ಒಬ್ಬರಿಗೆ ಇಷ್ಟು: ಕಾಂಬೋಡಿಯಾ ವೀಸಾ ಅಲ್ಲೇ ಇಳಿದು ಮಾಡಿಸಿದರೆ 30, ವಿಯೆಟ್ನಾಂ 25, ಅಂಕೋರ್ 62. ಒಟ್ಟು 117 ಡಾಲರ್. ಮೂವರಿಗೆ 351. ಇದನ್ನು ಬೇರೆ ಎತ್ತಿಟ್ಟು ಉಳಿದ ಬಜೆಟ್ ಹಾಕಿ.

ಡೊಂಬಿವಲಿ ಪೂರ್ವ:

ಹೊಸ ಪ್ಲ್ಯಾನ್. 1ನೇ ದಿನ ಸಿಯೆಮ್ ರೀಪ್ ತಲುಪಿ ಬರೀ ವಿಶ್ರಾಂತಿ. 2, 3 ಅಂಕೋರ್. 4 ಆರಾಮ, ಸಂಜೆ ಬೇಕಿದ್ದರೆ ತೊನ್ಲೆ ಸಾಪ್ ಕೆರೆ. 5 ಬಾಂತೆಯ್ ಸ್ರೇ. 6 ಬಸ್ಸಿನಲ್ಲಿ ಫ್ನೊಮ್ ಪೆನ್. 7 ಅಲ್ಲೇ. 8 ದೋಣಿಯಲ್ಲಿ ಗಡಿ ದಾಟಿ ಚಾವ್ ದೊಕ್. 9 ಕಾನ್ ತೋ. 10 ಬೆಳಿಗ್ಗೆ ತೇಲುವ ಸಂತೆ, ಮಧ್ಯಾಹ್ನ ಬಸ್ಸು, ಸೈಗಾನ್. 11 ಸೈಗಾನ್. 12 ಮನೆ. ಬಸ್ಸಿಗಿಂತ ದೋಣಿ ಒಳ್ಳೆಯದಾ?

ಪಿಂಪ್ರಿ ಪಯಣ:

ಈಗ ಇದು ಪ್ರವಾಸ ಅನ್ನಿಸುತ್ತಿದೆ, ಖುಷಿಯಾಯಿತು.

ದೋಣಿಯೇ ಮಾಡಿ. ಫ್ನೊಮ್ ಪೆನ್‌ನಿಂದ ಚಾವ್ ದೊಕ್‌ಗೆ ನಾಲ್ಕೈದು ಗಂಟೆ. ಕೂತುಕೊಂಡೇ ಹೋಗುವುದು, ಮಂಡಿಗೆ ಬಸ್ಸಿಗಿಂತ ಹಿತ. ಗಡಿಯಲ್ಲಿ ಎರಡು ಕಡೆ ದಡಕ್ಕೆ ಇಳಿಯಬೇಕು, ಹಲಗೆಯ ಮೇಲೆ ನಡೆಯುವಾಗ ಅಮ್ಮನ ಕೈ ಹಿಡಿದುಕೊಳ್ಳಿ. ನಾವು ಹೋದಾಗ ಕಾಂಬೋಡಿಯಾ ಕಡೆಯ ಠಾಣೆಯಲ್ಲಿ ಮಾವಿನ ಮರದ ಕೆಳಗೆ ಬೆಂಚು ಹಾಕಿದ್ದರು. ಹಕ್ಕಿ ಕೂಗುವುದು ಬಿಟ್ಟರೆ ಸದ್ದಿಲ್ಲ. ಅರ್ಧ ಗಂಟೆ ಕೂತು, ಸೀಲ್ ಹಾಕಿಸಿಕೊಂಡು, ಮತ್ತೆ ದೋಣಿ ಹತ್ತಿದೆವು. ನೀವು ಕೇಳುತ್ತಿದ್ದೀರಲ್ಲ ನೆಲದ ಗಡಿ, ಅದು ಹಾಗಿರುತ್ತದೆ. ದೋಣಿಗಳು ದಿನಕ್ಕೆ ಒಂದೆರಡೇ, ಹೊರಡುವ ವಾರ ಮೊದಲೇ ಸೀಟು ಹಿಡಿಯಿರಿ. ಸಿಗಲಿಲ್ಲ ಅಂದರೆ ಬಸ್ಸು ಇದ್ದೇ ಇದೆ, ಆದರೆ ಆಗ ವೀಸಾದಲ್ಲಿ ಗಡಿಯ ಹೆಸರೂ ಬದಲಾಗುತ್ತದೆ. ವಾಸ್ಕೋದವರು ಹೇಳಿದ್ದು ನೆನಪಿರಲಿ.

ತೊನ್ಲೆ ಸಾಪ್‌ಗೆ ‘ಬೇಕಿದ್ದರೆ’ ಅನ್ನಬೇಡಿ, ಹೋಗಿ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ, ಕೆರೆಯಿಂದ ಅದಕ್ಕೆ ಸೇರುವ ನದಿ ಹಿಂದಕ್ಕೆ ಹರಿದು ಈ ಕೆರೆ ತುಂಬುತ್ತದೆ. ಬೇಸಿಗೆಗಿಂತ ಐದಾರು ಪಟ್ಟು ದೊಡ್ಡದಾಗುತ್ತದೆ. ನೀರು ಇಳಿಯುವಾಗ ಅದೇ ನದಿ ಮತ್ತೆ ಮುಂದಕ್ಕೆ ಹರಿಯುತ್ತದೆ. ಡಿಸೆಂಬರ್‌ನಲ್ಲಿ ನೀರು ಇನ್ನೂ ಚೆನ್ನಾಗಿರುತ್ತದೆ, ಕಂಬಗಳ ಮೇಲಿನ ಮನೆಗಳ ಬುಡದಲ್ಲಿ ದೋಣಿ ಹೋಗುತ್ತದೆ.

ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ 2023ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಊರಿಂದ ಸುಮಾರು 50 ಕಿಲೋಮೀಟರ್. ಹಳೇ ಬರಹಗಳಲ್ಲಿ ಹದಿನೈದು ನಿಮಿಷ ಅಂತ ಇರುತ್ತದೆ, ನಂಬಬೇಡಿ. ಹೋಟೆಲ್‌ನವರಿಗೆ ಮೊದಲೇ ಕಾರು ಹೇಳಿ. ಕಾನ್ ತೋದ ಕಾಯ್ ರಾಂಗ್ ಸಂತೆಗೆ ಬೆಳಿಗ್ಗೆ ಐದಕ್ಕೆ ಹೊರಡಬೇಕು. ಮೊದಲಿನಷ್ಟು ದೋಣಿಗಳು ಈಗಿಲ್ಲ. ಆದರೂ ಅನಾನಸ್ ಮಾರುವ ದೋಣಿಯಲ್ಲಿ ಉದ್ದ ಬಿದಿರಿಗೆ ಒಂದು ಅನಾನಸ್ ಕಟ್ಟಿ ಎತ್ತಿ ನಿಲ್ಲಿಸಿರುತ್ತಾರೆ, ದೂರದಿಂದಲೇ ಏನು ಮಾಲು ಅಂತ ಗೊತ್ತಾಗಲಿ ಅಂತ.

ಫ್ನೊಮ್ ಪೆನ್‌ನ ತುವೊಲ್ ಸ್ಲೆಂಗ್ ಜೈಲಿನ ಬಗ್ಗೆ ಅಮ್ಮನಿಗೆ ಮೊದಲೇ ಹೇಳಿ, ಅವರೇ ನಿರ್ಧರಿಸಲಿ. 1975ರಿಂದ 1979ರವರೆಗೆ ಖ್ಮೇರ್ ರೂಜ್ ಆಡಳಿತದಲ್ಲಿ ಅಲ್ಲಿ ನಡೆದ ಹಿಂಸೆ, ಕೊಲೆಗಳ ಗುರುತನ್ನು ಕಣ್ಣಾರೆ ನೋಡುವುದು ಎಲ್ಲರಿಂದ ಆಗುವುದಿಲ್ಲ. ನಮ್ಮ ಮನೆಯವರು ಅರ್ಧಕ್ಕೆ ಹೊರಬಂದು ಅಂಗಳದಲ್ಲಿ ಕೂತಿದ್ದರು.

ವಾಸ್ಕೋ ಬಂದರು:

ಫ್ನೊಮ್ ಪೆನ್‌ನ ರಾಷ್ಟ್ರೀಯ ಮ್ಯೂಸಿಯಂಗೆ ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ಬಾಂತೆಯ್ ಸ್ರೇಯಿಂದ ತಂದಿಟ್ಟ ಭೀಮ–ದುರ್ಯೋಧನರ ಗದಾಯುದ್ಧದ ಶಿಲ್ಪ ಅಲ್ಲಿದೆ.

ಮತ್ತೆ ಬೀದಿಯಲ್ಲಿ ನಡೆಯುವಾಗ ಅಂಕಿಗಳನ್ನು ನೋಡಿ. ಖ್ಮೇರ್ ಲಿಪಿಯ ಎರಡು, ಮೂರು ನಮ್ಮ ೨, ೩ ಇದ್ದ ಹಾಗೇ ಇವೆ. ಅವರ ಲಿಪಿ ಪಲ್ಲವರ ಕಾಲದಲ್ಲಿ ನಮ್ಮ ದಕ್ಷಿಣದಿಂದ ಹೋಗಿದ್ದು. ಶಕ ವರ್ಷ 605 ಅಂತ ಕೆತ್ತಿ, ಸೊನ್ನೆಗೆ ಚುಕ್ಕಿ ಇಟ್ಟ ಕಲ್ಲು ಸಿಕ್ಕಿದ್ದೂ ಆ ದೇಶದಲ್ಲೇ. ನಮ್ಮೂರ ಕಡೆಯ ಶಾಸನಗಳಲ್ಲಿರುವ ಅದೇ ಶಕ ವರ್ಷ. ನಾನು ಒಂದು ಮನೆ ಬಾಗಿಲ ಮೇಲೆ ೨೩ ಅಂತ ಓದಿ, ಮೊಬೈಲಿನಲ್ಲಿ ತಾಳೆ ನೋಡಿದೆ. ಸರಿಯಾಗಿತ್ತು.

ಡೊಂಬಿವಲಿ ಪೂರ್ವ:

ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅಂಕಿ ವಿಷಯಕ್ಕೆ ಬಂದಾಗ ಫೋನ್ ಕೈಗೆ ತಗೊಂಡು ಖ್ಮೇರ್ ಅಂಕಿಗಳ ಚಿತ್ರ ತೆಗೆಸಿ ನೋಡಿದರು. ಅಪ್ಪನ ಹಳೇ ಡೈರಿಯ ಹಿಂದಿನ ಪುಟದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಬರೆದುಕೊಂಡಿದ್ದಾರೆ, ಪಕ್ಕದಲ್ಲಿ ನಮ್ಮದು. ಮಡಚುವ ಸ್ಟೂಲು ದಾದರ್‌ನಲ್ಲಿ ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಶನಿವಾರ ಹೋಗುತ್ತೇನೆ.

ಚೆಂಬೂರ್ ಅಕ್ಕ:

ಕೊಳ್ಳಬೇಡಿ. ಅತ್ತೆಯವರದ್ದು ನಮ್ಮ ಮನೆಯಲ್ಲೇ ಇದೆ, ಗಟ್ಟಿಯಾಗಿದೆ. ಶನಿವಾರ ಬನ್ನಿ, ಅಮ್ಮನನ್ನೂ ಕರೆದುಕೊಂಡು ಬನ್ನಿ. ಭೀಷ್ಮರ ಫೋಟೋ ತೋರಿಸುತ್ತೇನೆ, ಗೋಡೆಯ ಮೇಲೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗಲಿ.